ಪೆಟ್ಟಿಗೆ ಇದೆ, ವೀಳ್ಯ ಕೊಡುವವರಿಲ್ಲ

ಪ್ರಶ್ನೆ: ನಾನು ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮೂರಲ್ಲಿ ಗೊಂಬೆಯಾಟ ಆಡಿಸುವ ಶಿಳ್ಳೇಕ್ಯಾತರದು ಒಂದು ಮನೆ ಇದೆ. ಅಜ್ಜನ ಹತ್ತಿರ ತೊಗಲುಗೊಂಬೆಯ ಪೆಟ್ಟಿಗೆ ಇದೆ, ಆಟ ಆಡಿ ಹನ್ನೆರಡು ವರ್ಷ ಆಯಿತಂತೆ. ಗಂಡುಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದಾರೆ. ಹೋದ ತಿಂಗಳು ಯಾರೋ ಕಾರಿನಲ್ಲಿ ಬಂದು ಗೊಂಬೆಗೆ ಬೆಲೆ ಕೇಳಿ ಹೋದರು. 'ವೈವಿಧ್ಯದಲ್ಲಿ ಏಕತೆ' ಪಾಠ ಮಾಡುವಾಗ ಲಂಬಾಣಿ ತಾಂಡಾದ ಹುಡುಗಿಯೊಬ್ಬಳು, "ನಮ್ ಮಾತು ಯಾಕ ಪುಸ್ತಕದಾಗ ಇಲ್ರಿ ಮಿಸ್" ಎಂದಳು. ಉತ್ತರ ಹೊಳೆಯಲಿಲ್ಲ. ನಮ್ಮ ದೇಶಕ್ಕೆ ರಾಷ್ಟ್ರೀಯ ಸಂಸ್ಕೃತಿ ನೀತಿ ಅಂತ ಒಂದಿದೆಯೇ? ಇದ್ದರೆ ನಮ್ಮೂರಿಗೆ ಯಾಕೆ ಬಂದಿಲ್ಲ? ಅಜ್ಜನ ಪೆಟ್ಟಿಗೆಯನ್ನು ಏನು ಮಾಡಬೇಕು?

ಉತ್ತರ:

ಮೇಡಂ, 'ಮೊದಲು ಆ ಪೆಟ್ಟಿಗೆ ಮಾರಬೇಡ ಅಂತ ಅಜ್ಜನಿಗೆ ಹೇಳಿ' ಎಂದು ಬರೆಯಲು ಹೊರಟವನು ಕೈ ತಡೆದೆ. ಹಾಗೆ ಹೇಳಲು ನಾನ್ಯಾರು? ಅವರ ಮನೆಯಲ್ಲಿ ಯಾರದೋ ಆಪರೇಷನ್ ಇರಬಹುದು, ಮೊಮ್ಮಗಳ ಮದುವೆ ಇರಬಹುದು. ಮಾರುವುದು ಬಿಡುವುದು ಅವರಿಗೆ ಸೇರಿದ್ದು. ಆದರೆ ಮಾರುವ ಮುಂಚೆ ಅವರಿಗೆ ಎರಡು ಸಂಗತಿ ಗೊತ್ತಿರಬೇಕು. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು ಪ್ರಾಚೀನ ವಸ್ತು. ಲೈಸೆನ್ಸ್ ಇಲ್ಲದವರು ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಅದನ್ನು ದೇಶದಾಚೆ ಸಾಗಿಸುವಂತೆಯೂ ಇಲ್ಲ. ಇನ್ನೊಂದು, ಹಳೆಯ ಗೊಂಬೆಗಳಲ್ಲಿ ಜಿಂಕೆ ಚರ್ಮದವು ಇರುತ್ತವೆ. ಅದೇ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಂಥದ್ದನ್ನು ಮಾರುವುದು ಅಪರಾಧ. ಕಾರಿನಲ್ಲಿ ಬಂದವನಿಗೆ ಇವೆರಡೂ ಚೆನ್ನಾಗಿ ಗೊತ್ತು, ಅದಕ್ಕೇ ಅವನು ಚೀಟಿ ಬರೆದುಕೊಡುವುದಿಲ್ಲ. ನಾಳೆ ಸಿಕ್ಕಿಬೀಳುವವರು ಅಜ್ಜ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. 'ರಾಷ್ಟ್ರೀಯ ಸಂಸ್ಕೃತಿ ನೀತಿ' ಎಂದು ಕೇಂದ್ರ ಸರ್ಕಾರ ಒಪ್ಪಿ ಮುದ್ರೆ ಒತ್ತಿದ ಒಂದೇ ಒಂದು ದಾಖಲೆ ನಮ್ಮಲ್ಲಿಲ್ಲ. ಶಿಕ್ಷಣಕ್ಕೆ ಇದೆ, ಆರೋಗ್ಯಕ್ಕೆ ಇದೆ, ಜವಳಿಗೂ ಇದೆ. ಸಂಸ್ಕೃತಿಗೆ ಇಲ್ಲ. ಸಾಹಿತ್ಯ, ಸಂಗೀತ ನಾಟಕ, ಲಲಿತಕಲಾ ಅಕಾಡೆಮಿಗಳ ಕೆಲಸ ನೋಡಲು ಭಾಭಾ ಸಮಿತಿ, ಖೋಸ್ಲಾ ಸಮಿತಿ, ಹಕ್ಸರ್ ಸಮಿತಿ ಎಂದು ಒಂದರ ಹಿಂದೆ ಒಂದು ಬಂದವು. ಹಕ್ಸರ್ ಸಮಿತಿಯ ವರದಿ 1990ರದು. ಅದರ ಬೆನ್ನಿಗೇ ನೀತಿಯೊಂದರ ಕರಡೂ ಓಡಾಡಿತು, ಅಲ್ಲಿಗೇ ನಿಂತಿತು. ನಿಂತದ್ದು ಕೆಟ್ಟದ್ದೇನಲ್ಲ ಎಂಬ ವಾದವೂ ಇದೆ, ನನಗೆ ಅದರಲ್ಲಿ ಸ್ವಲ್ಪ ಹುರುಳು ಕಾಣುತ್ತದೆ. ಇಷ್ಟು ಬಗೆಯ ಜನ ಇರುವ ದೇಶದಲ್ಲಿ ಸಂಸ್ಕೃತಿ ಎಂದರೆ ಇದು ಎಂದು ದೆಹಲಿ ಬರೆದುಕೊಟ್ಟರೆ, ಬರೆಯದೆ ಬಿಟ್ಟದ್ದರ ಗತಿ ಏನು?

ನೀತಿ ಇಲ್ಲದಿದ್ದರೂ ಬುನಾದಿ ಗಟ್ಟಿಯಾಗಿಯೇ ಇದೆ. ಸಂವಿಧಾನದ 29ನೇ ವಿಧಿ ತಮ್ಮದೇ ಭಾಷೆ, ಲಿಪಿ ಅಥವಾ ಸಂಸ್ಕೃತಿ ಇರುವ ಯಾವುದೇ ಜನವರ್ಗಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕು ಕೊಡುತ್ತದೆ. 'ಅಥವಾ' ಎಂಬ ಪದ ನೋಡಿ, ಲಿಪಿ ಇಲ್ಲದವರೂ ಅದರೊಳಗೆ ಬಂದರು. 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸಲು ಅನುಕೂಲ ಮಾಡಿ ಎನ್ನುತ್ತದೆ. ನಮ್ಮ ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದು ಪ್ರತಿ ನಾಗರಿಕನ ಕರ್ತವ್ಯ ಎಂದು 51ಎ ವಿಧಿ ಹೇಳುತ್ತದೆ, ಅದು 1976ರಲ್ಲಿ ಸೇರಿದ್ದು. ಇದರ ಮೇಲೆ 1953-54ರಲ್ಲಿ ಎದ್ದ ಮೂರು ರಾಷ್ಟ್ರೀಯ ಅಕಾಡೆಮಿಗಳು, 1985-86ರಲ್ಲಿ ಶುರುವಾದ ಏಳು ವಲಯ ಸಾಂಸ್ಕೃತಿಕ ಕೇಂದ್ರಗಳು. ನಮ್ಮ ದಕ್ಷಿಣ ವಲಯದ್ದು ತಂಜಾವೂರಿನಲ್ಲಿದೆ. ಯಲಬುರ್ಗಾದಿಂದ ತಂಜಾವೂರು ಎಷ್ಟು ದೂರ ಎಂದು ಲೆಕ್ಕ ಹಾಕಿದರೆ ನಿಮ್ಮ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ.

ರಾಜ್ಯದ ಮಾತು ಬೇರೆ. ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯ ಸಮಿತಿ 2014ರಲ್ಲಿ ಸಂಸ್ಕೃತಿ ನೀತಿಯ ವರದಿ ಕೊಟ್ಟಿತು, 2017ರಲ್ಲಿ ಸರ್ಕಾರ ಒಪ್ಪಿತು. ಅಂದರೆ ಕರ್ನಾಟಕಕ್ಕೆ ಬರಹದಲ್ಲಿ ಒಂದು ನೀತಿ ಇದೆ. ನಿಮ್ಮ ತಾಲ್ಲೂಕಿನಲ್ಲಿ ಅದನ್ನು ಓದಿದವರು ಎಷ್ಟು ಜನ ಎಂದು ಕೇಳಿ ನಿಮ್ಮನ್ನು ಮುಜುಗರಕ್ಕೆ ತಳ್ಳುವುದಿಲ್ಲ.

ದುಡ್ಡಿನ ಲೆಕ್ಕ ಮಕ್ಕಳಿಗೆ ಹೇಳಲು ಚೆನ್ನಾಗಿದೆ. 2025-26ರ ಕೇಂದ್ರ ಬಜೆಟ್ಟಿನ ಗಾತ್ರ 50 ಲಕ್ಷ ಕೋಟಿಗೂ ಮೇಲೆ. ಸಂಸ್ಕೃತಿ ಸಚಿವಾಲಯಕ್ಕೆ ಸಿಕ್ಕಿದ್ದು ಸುಮಾರು 3,360 ಕೋಟಿ. ನೂರು ರೂಪಾಯಿಯಲ್ಲಿ ಏಳು ಪೈಸೆಯೂ ಪೂರ್ತಿ ಆಗುವುದಿಲ್ಲ. ಅದರಲ್ಲೂ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಪುರಾತತ್ವ ಸರ್ವೇಕ್ಷಣೆಗೆ, ಅಂದರೆ ಕಲ್ಲಿಗೆ. ಕಲ್ಲಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಮಸ್ಕಿಯ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳು, ಹಿರೇಬೆಣಕಲ್ಲಿನ ಬೃಹತ್ ಶಿಲಾಯುಗದ ಕಲ್ಮನೆಗಳು, ನಮ್ಮ ಸೀಮೆಯಲ್ಲಿ ಕಾಯಬೇಕಾದ ಕಲ್ಲು ಬೇಕಾದಷ್ಟಿವೆ. ಆದರೆ ಕಲ್ಲು ಕಾಯುವುದು ಸರ್ಕಾರಕ್ಕೆ ಸುಲಭ. ಬೇಲಿ ಹಾಕಿ, ನೀಲಿ ಬೋರ್ಡು ನೆಟ್ಟು, ಒಬ್ಬ ಕಾವಲುಗಾರನನ್ನು ಕೂರಿಸಿದರೆ ಆಯಿತು. ಕಲ್ಲು ಕೂಲಿಗೆ ಬೆಂಗಳೂರಿಗೆ ಹೋಗುವುದಿಲ್ಲ.

ಗೊಂಬೆಯ ಅಜ್ಜನನ್ನು ಕಾಯುವುದು ಹೇಗೆ? ಇಲ್ಲಿ ನಮ್ಮ ನೀತಿಗಳಿಗೆ, ಬರೆದವಕ್ಕೂ ಬರೆಯದವಕ್ಕೂ, ಎರಡೇ ದಾರಿ ಗೊತ್ತು. ಒಂದು, ವಸ್ತುವನ್ನು ಎತ್ತಿ ಮ್ಯೂಸಿಯಂನಲ್ಲಿ ಇಡುವುದು. ಇನ್ನೊಂದು, ವ್ಯಕ್ತಿಯನ್ನು ಎತ್ತಿ ವೇದಿಕೆ ಮೇಲೆ ನಿಲ್ಲಿಸುವುದು. ನಿಮ್ಮ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ಮೇಲೆ, ಪದ್ಮಶ್ರೀ ಬಂತು. ಹಲವು ದೇಶಗಳಲ್ಲಿ ಆಟ ಆಡಿ ಬಂದ ಜೀವ ಅದು. ಟೀವಿಯಲ್ಲಿ ನೋಡಿ ನನಗೂ ಕಣ್ಣು ತುಂಬಿತು. ಬಳ್ಳಾರಿಯಲ್ಲಿ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯಲ್ಲಿ ಗಾಂಧೀಜಿಯ ಕಥೆ, ಸ್ವಾತಂತ್ರ್ಯ ಹೋರಾಟದ ಕಥೆ ಆಡಿಸಿ ಹೆಸರಾದರು, 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಇಂಥವರಿಗೆ ಸಂದ ಗೌರವ ದೊಡ್ಡದು. ಆದರೆ ಪ್ರಶಸ್ತಿ ಒಬ್ಬರಿಗೆ ಬರುತ್ತದೆ, ಆಟ ಒಬ್ಬರದಲ್ಲ.

ಆಟ ಅಂದರೆ ಏನೆಂದು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಗಂಗಾವತಿ ಕಡೆಯ ಒಂದು ಹಳ್ಳಿ, ಮಳೆ ಕೈಕೊಟ್ಟ ವರ್ಷ. ಊರ ಹಿರಿಯರು ಎಲೆ ಅಡಿಕೆ ಮೇಲೆ ದುಡ್ಡಿಟ್ಟು, ಆಟಕ್ಕೆ ಬನ್ನಿ ಎಂದು ವೀಳ್ಯ ಕೊಟ್ಟಿದ್ದರು. ವಿರಾಟಪರ್ವ ಆಡಿಸಿದರೆ ಮಳೆ ಬರುತ್ತದೆಂಬ ನಂಬಿಕೆ. ಮೇಳದ ಯಜಮಾನ ಪೆಟ್ಟಿಗೆ ತೆರೆಯುವ ಮುಂಚೆ ಊದುಬತ್ತಿ ಹಚ್ಚಿ ಕೈಮುಗಿದ. ಮೇಲೆ ಗಣಪತಿ, ಸರಸ್ವತಿ. ಕೆಳಗೆ ರಾಮನ ಕಟ್ಟು ಬೇರೆ, ರಾವಣನ ಕಟ್ಟು ಬೇರೆ, ನಡುವೆ ಮಡಿಸಿದ ಹಳೇ ಸೀರೆ. ಯಾಕೆ ಎಂದೆ. "ಒಂದೇ ಕಡಿ ಇಟ್ರ ರಾತ್ರಿ ಜಗಳಾಡತಾವ್ರಿ ಸರ" ಎಂದ, ನಗದೆ. ಬಿಳಿ ಪರದೆ ಕಟ್ಟಿ ಹಿಂದೆ ಬಲ್ಬು ತೂಗುಬಿಟ್ಟರು. ತನ್ನಪ್ಪನ ಕಾಲಕ್ಕೆ ಹರಳೆಣ್ಣೆ ದೀಪ ಇತ್ತಂತೆ, ದೀಪ ಅಲುಗಿದರೆ ಗೊಂಬೆಗೆ ಜೀವ ಬರುತ್ತಿತ್ತಂತೆ. ಆ ರಾತ್ರಿ ಹಾಡಿದವಳು, ದ್ರೌಪದಿಗೂ ಸುದೇಷ್ಣೆಗೂ ದನಿ ಕೊಟ್ಟವಳು ಅವನ ಹೆಂಡತಿ, ಮಡಿಲಲ್ಲಿ ಮೊಮ್ಮಗು ಮಲಗಿತ್ತು. ಯುದ್ಧ ಬಂದಾಗ ಮಗ ಹಲಗೆ ತುಳಿದು ಸದ್ದು ಮಾಡಿದ. ನಡುನಡುವೆ ಹಾಸ್ಯದ ಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಊರ ಗೌಡನನ್ನೂ ಬಿಡದೆ ಗೇಲಿ ಮಾಡಿದರು, ಗೌಡ ಎಲ್ಲರಿಗಿಂತ ಜೋರಾಗಿ ನಕ್ಕ. ಕೋಳಿ ಕೂಗುವ ಹೊತ್ತಿಗೆ ಮುಗಿಯಿತು. ಮಳೆ ಬಂತೋ ಇಲ್ಲವೋ ನೆನಪಿಲ್ಲ.

ಈಗ ಇದನ್ನು ಉತ್ಸವದ ಹದಿನೈದು ನಿಮಿಷದ ಸ್ಲಾಟಿಗೆ ಇಳಿಸಿ ನೋಡಿ. ಗೌಡನಿಲ್ಲ, ಮಳೆಯ ಹಂಬಲವಿಲ್ಲ, ಗೇಲಿ ಇಲ್ಲ. ಉಳಿಯುವುದು ಬಣ್ಣದ ಚರ್ಮ ಮತ್ತು ಧ್ವನಿವರ್ಧಕ. ನಾನು ಉತ್ಸವಗಳ ವಿರೋಧಿ ಅಲ್ಲ. ಎಂ.ಪಿ. ಪ್ರಕಾಶರು ಹಂಪಿ ಉತ್ಸವ ಶುರು ಮಾಡಿದ್ದರಿಂದ ಎಷ್ಟೋ ಮೇಳಗಳು ಮೊದಲ ಸಲ ಹೊರಜಗತ್ತಿಗೆ ಕಂಡವು. ಆದರೆ ವರ್ಷಕ್ಕೊಂದು ಸ್ಲಾಟು ಸಿಕ್ಕರೆ ಆಟ ಉಳಿಯುತ್ತದೆ ಎಂದುಕೊಳ್ಳುವುದು ವರ್ಷಕ್ಕೊಮ್ಮೆ ಉಂಡು ಬದುಕುತ್ತೇನೆ ಎಂದ ಹಾಗೆ.

ನನ್ನ ಮಾತಿಷ್ಟೇ. ಸತ್ತದ್ದು ಗೊಂಬೆಯಲ್ಲ, ವೀಳ್ಯ. ಕರೆಯುವ ಊರು ಇದ್ದರೆ ಆಡುವವರು ಇರುತ್ತಾರೆ. ಇದಕ್ಕೆ ಸಾಕ್ಷಿ ಬೇಕಿದ್ದರೆ ಮುದಗಲ್ಲಿಗೆ ಹೋಗಿ ಬನ್ನಿ. ಲಿಂಗಸೂಗೂರು ತಾಲ್ಲೂಕಿನ ಆ ಕೋಟೆ ಊರಿನ ಮೊಹರಂಗೆ ಸುತ್ತಲ ಜಿಲ್ಲೆಗಳಿಂದ ಜನ ಕಿಕ್ಕಿರಿದು ಸೇರುತ್ತಾರೆ. ಬೆಂಕಿ ಹಾಕುವ ಅಲಾಯಿ ಕುಣಿ ತೋಡುವವರಲ್ಲಿ, ಹಸ್ತದ ಆಕಾರದ ಪಂಜಾ ಹೊರುವವರಲ್ಲಿ, ಹರಕೆ ಹೊತ್ತವರಲ್ಲಿ ಯಾರು ಹಿಂದೂ ಯಾರು ಮುಸಲ್ಮಾನ ಎಂದು ಬೇರ್ಪಡಿಸಲು ಬರುವುದಿಲ್ಲ. ಪ್ರವಾದಿಯ ಮೊಮ್ಮಗ ಹುಸೇನರು ಮಡಿದ ಕರ್ಬಲಾದ ಕಥೆಯನ್ನು ನಮ್ಮ ಹಳ್ಳಿಯ ಹುಡುಗರು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ, ಹೆಜ್ಜೆ ಹಾಕುತ್ತಾರೆ. ಅದು ಯಾವ ಯೋಜನೆಯ ಆಸರೆಯಿಂದಲೂ ಉಳಿದದ್ದಲ್ಲ. ಊರು ಇದು ನಮ್ಮದು ಎನ್ನುತ್ತದೆ, ಅದಕ್ಕೇ ಉಳಿದಿದೆ. ಯುನೆಸ್ಕೊದ 2003ರ ಅಮೂರ್ತ ಪರಂಪರೆಯ ಒಪ್ಪಂದಕ್ಕೆ ಭಾರತ 2005ರಲ್ಲಿ ಸಹಿ ಹಾಕಿದೆ, ಅದರ ತಿರುಳೂ ಇದೇ. ಯಾವುದು ಪರಂಪರೆ ಎಂದು ಹೇಳಬೇಕಾದವರು ತಜ್ಞರಲ್ಲ, ಅದನ್ನು ಬಾಳುವ ಸಮುದಾಯ. (ತಜ್ಞ ಎಂಬ ತಲೆಬರಹದಡಿ ನಾನೇ ಇದನ್ನು ಬರೆಯುತ್ತಿರುವುದು ತಮಾಷೆ.)

ಮ್ಯೂಸಿಯಂ ದಾರಿಯಲ್ಲಿ ಇನ್ನೊಂದು ತೊಡಕಿದೆ. ಹರಿದು ಹಳತಾದ ಗೊಂಬೆಯನ್ನು ಶಿಳ್ಳೇಕ್ಯಾತರು ಎಸೆಯುವುದಿಲ್ಲ, ಪೂಜೆ ಮಾಡಿ ಹೊಳೆಗೆ ಬಿಡುತ್ತಾರೆ. ನಾವು ಓದಿದವರು ಅಯ್ಯೋ ಹೋಯಿತಲ್ಲ ಎಂದು ಬಾಯಿ ಬಡಿದುಕೊಳ್ಳುತ್ತೇವೆ. ಅವರ ಕಣ್ಣಲ್ಲಿ ಅದು ಸಾವಲ್ಲ, ಹಳೆಯದು ಹೋದರೆ ಹೊಸದನ್ನು ಮಾಡುವ ಕೈ ಇದೆಯಲ್ಲ. ಕೈ ನಿಂತ ಮೇಲಷ್ಟೇ ಗೊಂಬೆಗೆ ಗಾಜಿನ ಪೆಟ್ಟಿಗೆ ಬೇಕಾಗುತ್ತದೆ. ಪ್ರೊ. ಎಂ.ಎಸ್. ನಂಜುಂಡರಾಯರು ಊರೂರು ಸುತ್ತಿ ಚಿತ್ರಕಲಾ ಪರಿಷತ್ತಿಗೆ ಗೊಂಬೆ ಕೂಡಿಸದಿದ್ದರೆ ಎಷ್ಟೋ ಮಾದರಿಗಳ ಗುರುತೂ ನಮಗೆ ಸಿಗುತ್ತಿರಲಿಲ್ಲ ಎಂಬುದೂ ನಿಜ. ಎರಡೂ ನಿಜವಾದಾಗ ನಾನು ಕೈಯ ಪಕ್ಷ.

ಕಿನ್ನಾಳದ ಚಿತ್ರಗಾರರನ್ನೇ ನೋಡಿ, ನಿಮಗೆ ಹತ್ತಿರ. ಹಗುರ ಮರದ ಗೊಂಬೆ, ಅದರ ಮೇಲೆ ಹುಣಸೆಬೀಜದ ಸರಿಗೆ ಗೋಣಿನಾರಿನ ಪುಡಿ, ಮರದ ಹೊಟ್ಟು ಕಲಸಿದ ಕಿಟ್ಟ. ಅದಕ್ಕೆ ಅರಿವೆ ಅಂಟಿಸಿ, ಬೆಣಚುಕಲ್ಲಿನ ಪುಡಿ ಬಳಿದು, ಆಮೇಲೆ ಬಣ್ಣ. ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದೆ, ಸಂಡೂರಿನ ಲಂಬಾಣಿ ಕಸೂತಿಗೂ ಸಿಕ್ಕಿದೆ. ಆ ಮುದ್ರೆ ಹೆಸರನ್ನು ಕಾಯುತ್ತದೆ, ಕೂಲಿಯನ್ನಲ್ಲ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 1,755 ಲಂಬಾಣಿ ವಸ್ತುಗಳನ್ನು ಒಟ್ಟಿಗೆ ತೋರಿಸಿ ಗಿನ್ನೆಸ್ ದಾಖಲೆ ಮಾಡಿದರು. ಹೊಲಿದವರು ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು. ದಾಖಲೆಗಿಂತ ನನಗೆ ಮುಖ್ಯವಾಗಿ ಕಂಡದ್ದು ಆ ಕೇಂದ್ರ. ಅಲ್ಲಿ ಕಸೂತಿಗೆ ದಿನದ ಕೆಲಸ ಇದೆ, ಕೊಳ್ಳುವವರಿದ್ದಾರೆ. ಅದೂ ವೀಳ್ಯವೇ, ಇನ್ನೊಂದು ರೂಪದ್ದು.

ಲಂಬಾಣಿ ಮಾತು ಬಂದಿತಲ್ಲ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ನಿಜ ಹೇಳಬೇಕೆಂದರೆ ನಿಮ್ಮ ಮೂರು ಪ್ರಶ್ನೆಗಿಂತ ಅವಳದು ಹೆಚ್ಚು ಚುರುಕು. 2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿ ನಮ್ಮ ತಾಯ್ನುಡಿ ಎಂದು ಬರೆಸಿದವರು 32 ಲಕ್ಷಕ್ಕೂ ಹೆಚ್ಚು. ಕೊಂಕಣಿಯವರು 22 ಲಕ್ಷ ಚಿಲ್ಲರೆ, ಬೋಡೊದವರು 15 ಲಕ್ಷದ ಒಳಗೆ. ಕೊಂಕಣಿ, ಬೋಡೊ ಎರಡೂ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿವೆ, ಇರಲೇಬೇಕು. ಲಂಬಾಣಿ ಎಲ್ಲಿದೆ ಗೊತ್ತೇ? ಜನಗಣತಿಯ ಕೋಷ್ಟಕದಲ್ಲಿ ಹಿಂದಿಯ ಕೆಳಗೆ, ಅದರ ಒಂದು ಉಪಸಾಲಿನಲ್ಲಿ. ಯಲಬುರ್ಗಾದ ತಾಂಡಾದ ಅಜ್ಜಿಗೆ ಹಿಂದಿ ಬರುವುದಿಲ್ಲ, ಲೆಕ್ಕದಲ್ಲಿ ಮಾತ್ರ ಆಕೆ ಹಿಂದಿಯವಳು. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ನುಡಿಗಳಂತೂ 1971ರಿಂದ 'ಇತರೆ' ಎಂಬ ಒಂದೇ ಚೀಲಕ್ಕೆ ಬಿದ್ದಿವೆ. ಪುಸ್ತಕದಾಗ ಯಾಕಿಲ್ಲ ಎಂದರೆ, ಮಗೂ, ಎಣಿಕೆಯಲ್ಲೇ ನಿನ್ನ ಹೆಸರು ನಿನ್ನದಾಗಿಲ್ಲ ಎನ್ನಬೇಕು. ಮುಂದಿನ ಗಣತಿಯವರು ಮನೆಗೆ ಬಂದಾಗ ತಾಯ್ನುಡಿಯ ಕಾಲಂನಲ್ಲಿ ಏನು ಬರೆಯುತ್ತಾರೆಂದು ಕಣ್ಣಿಟ್ಟು ನೋಡಲು ಅವಳಿಗೆ ಹೇಳಿ. ಅದಕ್ಕಿಂತ ಒಳ್ಳೆಯ ಸಮಾಜ ವಿಜ್ಞಾನದ ಪ್ರಾಜೆಕ್ಟು ನನಗೆ ಗೊತ್ತಿಲ್ಲ.

ಇನ್ನೂ ಒಂದು ವಿಚಿತ್ರ ಗಮನಿಸಿ. ರಾತ್ರಿಯಿಡೀ ಕನ್ನಡದಲ್ಲಿ ಭಾರತ ಹಾಡುವ ಶಿಳ್ಳೇಕ್ಯಾತರು ಮನೆಯೊಳಗೆ ಆಡುವುದು ಮರಾಠಿ ಬೆರೆತ ನುಡಿ. ಬುರ್ರಕಥೆ ಹಾಡುತ್ತಿದ್ದ ದರೋಜಿ ಈರಮ್ಮ ಅಲೆಮಾರಿ ಬುಡ್ಗ ಜಂಗಮ ಸಮುದಾಯದವರು, ಮನೆಮಾತು ತೆಲುಗು. ಓದು ಬರಹ ಬಾರದ ಆ ತಾಯಿ ಕುಮಾರರಾಮನ ಕಥೆಯನ್ನು, ಅಂದರೆ ನಿಮ್ಮ ಕುಮ್ಮಟದುರ್ಗದ ಕಥೆಯನ್ನು, ಬಾಯಲ್ಲೇ ಇಟ್ಟುಕೊಂಡಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರ ಬಾಯಿಂದ ಬಂದ ಕಾವ್ಯಗಳನ್ನು ಬರೆದಿಳಿಸಿತು, ನಾಡೋಜ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡರು. ಕನ್ನಡದ ಕಥೆ ಕಾಪಾಡಿದವರ ಮನೆಯ ಭಾಷೆ ಕನ್ನಡವಲ್ಲ. ಬಳ್ಳಾರಿ ಆಂಧ್ರಕ್ಕೋ ಮೈಸೂರಿಗೋ ಎಂದು 1953ರಲ್ಲಿ ಎಷ್ಟು ಜಗಳ ಆಯಿತು! ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು, ಬಳ್ಳಾರಿ ಇತ್ತ ಬಂತು. ಗಡಿ ಎಳೆದವರಿಗೆ ಭಾಷೆ ನಕ್ಷೆಯಲ್ಲಿತ್ತು, ಬುರ್ರಕಥೆಯವರಿಗೆ ನಾಲಿಗೆಯಲ್ಲಿ.

ಅಜ್ಜನ ವಿಷಯಕ್ಕೆ ಬರುತ್ತೇನೆ. ಮೊದಲು ಕಾಗದ ಪತ್ರ. ಅವರ ಆಧಾರ್, ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರದಲ್ಲಿ ಹೆಸರು, ಜಾತಿ ಹೇಗಿದೆ ನೋಡಿ. ಶಿಳ್ಳೇಕ್ಯಾತ, ಸಿಳ್ಳೇಕ್ಯಾತ, ಕಿಳ್ಳೇಕ್ಯಾತ ಎಂದು ಒಂದೊಂದು ಕಾಗದದಲ್ಲಿ ಒಂದೊಂದಿದ್ದರೆ ಅರ್ಜಿ ವಾಪಸ್ ಬರುತ್ತದೆ. ನನ್ನ ಕಣ್ಣೆದುರೇ ಒಬ್ಬ ಕಲಾವಿದರ ಮಾಸಾಶನದ ಅರ್ಜಿ ಒಂದು ಅಕ್ಷರದ ಸಲುವಾಗಿ ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆಯಿತು. ಕಡೆಗೆ ಮಂಜೂರಾಗುವ ಹೊತ್ತಿಗೆ ಅವರಿರಲಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನಕ್ಕೆ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಕೇಂದ್ರದಲ್ಲೂ ಹಿರಿಯ ಕಲಾವಿದರ ನೆರವು ಇದೆ, 60 ದಾಟಿರಬೇಕು, ವರ್ಷದ ಆದಾಯ 72,000 ಮೀರಿರಬಾರದು, ತಿಂಗಳಿಗೆ 6,000ದವರೆಗೆ ಸಿಗುತ್ತದೆ. ಅಜ್ಜ ಆಟ ಆಡುತ್ತಿದ್ದುದಕ್ಕೆ ಹಳೆಯ ಫೋಟೊ, ಕರಪತ್ರ, ಜಾತ್ರೆ ಕಮಿಟಿಯವರ ಪತ್ರ ಏನಿದ್ದರೂ ಕೂಡಿಸಿಡಿ. ಕರಪತ್ರ ಅಚ್ಚು ಹಾಕಿಸದ ಕಲೆಗೆ ಕರಪತ್ರ ಕೇಳುವುದು ನಮ್ಮ ವ್ಯವಸ್ಥೆಯ ಜಾಣತನ, ಏನು ಮಾಡುವುದು.

ಕಲಿಸುವುದಕ್ಕೂ ಒಂದು ಯೋಜನೆ ಇದೆ. ವಲಯ ಕೇಂದ್ರಗಳ ಗುರು-ಶಿಷ್ಯ ಪರಂಪರೆಯಲ್ಲಿ ಗುರುವಿಗೆ ತಿಂಗಳಿಗೆ 7,500, ಪಕ್ಕವಾದ್ಯದವರಿಗೆ 3,750, ಶಿಷ್ಯರಿಗೆ 1,500 ರೂಪಾಯಿ. ಗಾರೆ ಕೆಲಸದವನು ಎರಡು ದಿನದಲ್ಲಿ ದುಡಿಯುವುದನ್ನು ಶಿಷ್ಯನಿಗೆ ತಿಂಗಳಿಗೆ ಕೊಟ್ಟರೆ ಯಾವ ಮಗ ಬೆಂಗಳೂರು ಬಿಟ್ಟು ಬರುತ್ತಾನೆ? ಆದರೂ ಅರ್ಜಿ ಹಾಕಿ. ಮಗ ಬರದಿದ್ದರೆ ಮೊಮ್ಮಗಳು ಬರಬಹುದು, ನಿಮ್ಮ ಶಾಲೆಯಲ್ಲೇ ಓದುವವಳಿದ್ದರೆ ಇನ್ನೂ ಒಳ್ಳೆಯದು. ಚರ್ಮ ಹದ ಮಾಡುವುದು, ಗೊಂಬೆ ಕೊರೆಯುವುದು ಆಮೇಲೆ. ಮೊದಲು ಆಟದ ಪದ, ಅಂದರೆ ಹಾಡು, ಕಲಿಯಲಿ, ಅಜ್ಜಿ ಇದ್ದರೆ ಅವರಿಂದ. ಪದಗಳು ಸಾಮಾನ್ಯವಾಗಿ ಹೆಂಗಸರ ಬಾಯಲ್ಲೇ ಇರುತ್ತವೆ, ನಾವು ಸಂಶೋಧಕರು ಮಾತ್ರ ಯಜಮಾನನ ಮುಂದೆ ಮೈಕು ಹಿಡಿದು ಬರುತ್ತೇವೆ. ಈ ತಪ್ಪು ನಾನೂ ಎಷ್ಟೋ ವರ್ಷ ಮಾಡಿದೆ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆದರೆ ಕೇಳಿ ಮಾಡಿ, ಒಂದು ಪ್ರತಿ ಅವರಿಗೇ ಕೊಡಿ, ಅವರು ಹೂಂ ಎನ್ನದೆ ಎಲ್ಲೂ ಹಾಕಬೇಡಿ. ಗೊಂಬೆಗಳ ಫೋಟೊ ತೆಗೆದು, ಯಾವುದು ಯಾರು ಎಂದು ಅಜ್ಜನ ಬಾಯಿಂದಲೇ ಕೇಳಿ ಮಕ್ಕಳ ಕೈಯಲ್ಲಿ ಬರೆಸಿ. ಕಾರಿನವನು ಮತ್ತೆ ಬಂದರೆ ಆ ಪಟ್ಟಿಯೇ ಅಜ್ಜನಿಗೆ ಕಾವಲು.

ಇದೆಲ್ಲ ಆಗುವುದಕ್ಕೂ ಮುಂಚೆ ಒಂದು ಆಟ ಕಟ್ಟಿಸಿ. ಶಾಲೆಯ ವಾರ್ಷಿಕೋತ್ಸವದ ಹತ್ತು ನಿಮಿಷ ಅಲ್ಲ, ಊರ ಜಾತ್ರೆಗೋ ಕಾರಹುಣ್ಣಿವೆಗೋ ಇಡೀ ರಾತ್ರಿಯದ್ದು. ಅಜ್ಜನಿಗೆ ದನಿ ಬಿದ್ದಿದ್ದರೆ ಮೊರನಾಳದ ಕಡೆಯವರ ನೆರವು ಕೇಳಲಿ, ಅವರವರಲ್ಲಿ ನಂಟು ಇದ್ದೇ ಇರುತ್ತದೆ. ಯಾವ ಪ್ರಸಂಗ ಎಂದು ನೀವು ಹೇಳಬೇಡಿ, ಅವರೇ ಹೇಳಲಿ. ಎಲೆ ಅಡಿಕೆ ಇಟ್ಟು ಊರ ಹಿರಿಯರ ಕೈಯಿಂದ ವೀಳ್ಯ ಕೊಡಿಸಿ, ತಾಂಡಾದ ನಾಯಕನನ್ನೂ ಪಕ್ಕದಲ್ಲಿ ನಿಲ್ಲಿಸಿ. ಆ ಎಲೆ ಅಡಿಕೆಯ ಖರ್ಚನ್ನು ಶಾಲೆಯ ಯಾವ ತಲೆಬರಹದಡಿ ತೋರಿಸುತ್ತೀರೋ ನನಗೆ ತಿಳಿಯದು, ನಿಮ್ಮ ಹೆಡ್‌ಮಾಸ್ಟರನ್ನೇ ಕೇಳಿ.